ಥೂಜಾ ಎಲೆಯಲ್ಲಿ ಪ್ರೋಲಿನ್ ಅಳೆದ ನನ್ನ ಅನುಭವ

ಬಳ್ಳಾರಿಯ ನಮ್ಮ ಕಾಲೇಜಿನ ಪಶ್ಚಿಮ ಗೋಡೆಯ ಪಕ್ಕದಲ್ಲಿ ಸಾಲಾಗಿ ನೆಟ್ಟ ಥೂಜಾ ಗಿಡಗಳು ಪ್ರತಿ ಬೇಸಿಗೆಯಲ್ಲೂ ಬಳಲುವುದನ್ನು ನಾನು ನೋಡುತ್ತಿದ್ದೆ. ಕಣ್ಣಿಗೆ ಕಾಣುವ ಮೊದಲೇ ಆ ಬಳಲಿಕೆ ಎಲೆಯ ರಸಾಯನದಲ್ಲಿ ಸಿಗುತ್ತದೆಯೇ ಎಂದು ಪರೀಕ್ಷಿಸಲು ಹೊರಟಾಗ, ಪೈನ್‌ನಂತೆ ಶಂಕುವಿನಾಕಾರದ ಕಾಯಿಯಲ್ಲಿ ಬೀಜ ಬಿಡುವ ಶಂಕುಧಾರಿ ಮರಗಳು ತಾವಾಗಿ ಬೆಳೆಯದ ಈ ಬಯಲುಸೀಮೆಯಲ್ಲಿ ನನಗೆ ಹತ್ತಿರದಲ್ಲಿದ್ದವು ಅವೇ. ಸೂಜಿ ಎಲೆಯೆಂದು ವಿದ್ಯಾರ್ಥಿಗಳು ತಂದುಕೊಡುವ ಗಾಳಿ ಮರ ಈ ಗುಂಪಿಗೆ ಸೇರಿದ್ದಲ್ಲ. ಅದರ ಸೂಜಿಗಳು ಹಸಿರು ಕಿರುರೆಂಬೆಗಳು, ನಿಜವಾದ ಎಲೆಗಳು ಗಿಣ್ಣಿನ ಸುತ್ತ ಸಣ್ಣ ಹಲ್ಲುಗಳಂತೆ ಅಂಟಿಕೊಂಡಿರುತ್ತವೆ. ಥೂಜಾ ನಿಜವಾದ ಶಂಕುಧಾರಿಯೇ, ಆದರೆ ಅದರ ಎಲೆ ಸೂಜಿಯಾಗಿರದೆ ಹುರುಪೆಯಂತಿರುತ್ತದೆ.

ನೀರಿನ ಕೊರತೆಯಾದಾಗ ಹಲವು ಸಸ್ಯಗಳು ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಕೂಡಿಡುತ್ತವೆ. ಅದನ್ನು ಅಳೆಯಲು 1973ರಲ್ಲಿ ಬೇಟ್ಸ್, ವಾಲ್ಡ್ರನ್ ಮತ್ತು ಟಿಯರ್ ಪ್ರಕಟಿಸಿದ ವಿಧಾನವನ್ನೇ ಹಿಡಿದೆ. ಅರ್ಧ ಗ್ರಾಂ ಎಲೆಯನ್ನು 10 ಮಿಲಿಲೀಟರ್ ಶೇ. 3ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದಲ್ಲಿ ಅರೆದು ಸೋಸಬೇಕು. ಆ ಸೋಸಿದ ದ್ರವ, ಪ್ರೋಲಿನ್ ಜೊತೆ ಸೇರಿ ಕೆಂಪು ಬಣ್ಣ ಕೊಡುವ ಆಮ್ಲೀಯ ನಿನ್‌ಹೈಡ್ರಿನ್, ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ತಲಾ 2 ಮಿಲಿಲೀಟರ್ ಬೆರೆಸಿ 100 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಮಂಜುಗಡ್ಡೆಯಲ್ಲಿಟ್ಟು ಕ್ರಿಯೆಯನ್ನು ನಿಲ್ಲಿಸಬೇಕು. ನಂತರ 4 ಮಿಲಿಲೀಟರ್ ಟಾಲುಯೀನ್ ಹಾಕಿ ಅಲುಗಾಡಿಸಿದರೆ ಕೆಂಪು ಬಣ್ಣ ಮೇಲಿನ ಪದರಕ್ಕೆ ಏರುತ್ತದೆ. ಆ ಬಣ್ಣ ಎಷ್ಟು ಬೆಳಕನ್ನು ಹೀರುತ್ತದೆ ಎಂಬುದನ್ನು 520 ನ್ಯಾನೋಮೀಟರ್ ತರಂಗಾಂತರದಲ್ಲಿ ಓದುತ್ತೇವೆ; ಬಣ್ಣ ಗಾಢವಾದಷ್ಟೂ ಪ್ರೋಲಿನ್ ಹೆಚ್ಚು. ಟಾಲುಯೀನ್ ಆವಿ ಒಳ್ಳೆಯದಲ್ಲವಾದ್ದರಿಂದ ಈ ಹಂತವನ್ನು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬಿಟ್ಟು ಬೇರೆಲ್ಲೂ ಮಾಡಿಲ್ಲ.

ಅರೆಯುವುದೇ ದೊಡ್ಡ ಕೆಲಸ. ಖಲ್ಬತ್ತಿನಲ್ಲಿ ಒಂದೆರಡು ಸುತ್ತು ತಿರುಗಿಸುವಷ್ಟರಲ್ಲಿ ಕೋಣೆಯೆಲ್ಲ ರಾಳದ ಕಟು ವಾಸನೆ ಹರಡುತ್ತದೆ, ನಾರು ಸೀಳಾಗುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ, ರಾಳ ಪಿಂಗಾಣಿಗೆ ಅಂಟಿ ಬರೀ ನೀರಿಗೆ ಬಿಡುವುದೇ ಇಲ್ಲ. ಎಲೆಯನ್ನು ಕತ್ತರಿಯಿಂದ ಸಣ್ಣದಾಗಿ ಕತ್ತರಿಸಿ, ಚಿಟಿಕೆ ಶುದ್ಧ ಮರಳು ಸೇರಿಸಿ, ಪ್ರತಿ ಮಾದರಿಯ ನಂತರ ಅಸಿಟೋನ್‌ನಿಂದ ಒರೆಸಲು ತೊಡಗಿದ ಮೇಲೆಯೇ ಒಂದೇ ಗಿಡದ ಮೂರು ಓದುಗಳು ಹತ್ತಿರ ಹತ್ತಿರ ಬಂದವು.

ಮೊದಲ ವರ್ಷದ ಅಂಕಿಗಳನ್ನು ನಾನು ಪೂರ್ತಿ ಕೈಬಿಟ್ಟೆ. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಕೊಯ್ದ ರೆಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು, ತರಗತಿ ಮುಗಿಸಿ ಬಂದು ಅರೆದಿದ್ದೆ. ಗಿಡದ ಬಳಲಿಕೆ ಎಷ್ಟು, ಚೀಲದ ಬಳಲಿಕೆ ಎಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಹಸಿ ತೂಕಕ್ಕೆ ಲೆಕ್ಕ ಹಾಕಿದ್ದು. ಎಲೆ ನೀರು ಕಳೆದುಕೊಂಡರೆ ಅರ್ಧ ಗ್ರಾಂ ಹಸಿ ಎಲೆಯಲ್ಲಿ ಒಣ ಪದಾರ್ಥ ಹೆಚ್ಚಾಗುವುದರಿಂದ, ಗಿಡ ಒಂದು ಕಣ ಪ್ರೋಲಿನ್ ಹೊಸದಾಗಿ ತಯಾರಿಸದಿದ್ದರೂ ಅಂಕಿ ಏರುತ್ತದೆ. ಈಗ ಬೆಳಗಿನ ಏಳು ಗಂಟೆಯೊಳಗೆ, ಒಂದೇ ಎತ್ತರದಿಂದ, ಆ ವರ್ಷದ ಚಿಗುರಿನ ತುದಿಯನ್ನು ಮಾತ್ರ ಕೊಯ್ದು ತಕ್ಷಣ ಮಂಜುಗಡ್ಡೆಯಲ್ಲಿಡುತ್ತೇನೆ, ಅದೇ ರೆಂಬೆಯ ಇನ್ನೊಂದು ತುಂಡನ್ನು ಒಣಗಿಸಿ ಒಣ ತೂಕಕ್ಕೆ ಲೆಕ್ಕ ಹಾಕುತ್ತೇನೆ.

ಚಿಗುರಿನ ತುದಿ ಎಂದದ್ದಕ್ಕೆ ಕಾರಣ ನಮ್ಮ ತೋಟದ ಮಾಲಿ. "ಸರ್, ಹೊರಗ ಹಸುರ ಐತ್ರಿ, ಒಳಗ ಕೈ ಹಾಕಿ ನೋಡ್ರಿ" ಎಂದು ಅವರು ರೆಂಬೆ ಸರಿಸಿದಾಗ ಒಳಗಿನದೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ನೆರಳಿಗೆ ಸಿಕ್ಕ ಹಳೆಯ ಒಳ ಎಲೆ ಕಂದಾಗಿ ಉದುರುವುದು ಥೂಜಾಕ್ಕೆ ಸಹಜ, ಅದು ಒತ್ತಡದ ಗುರುತಾಗಲೇಬೇಕೆಂದಿಲ್ಲ. ಅಂಥ ಎಲೆ ಮಾದರಿಯಲ್ಲಿ ಬೆರೆತರೆ ಓದು ಕೆಡುತ್ತದೆ.

ಪ್ರೋಲಿನ್ ಏರಿತೆಂದರೆ ಗಿಡಕ್ಕೆ ಏನೋ ಆಗಿದೆ ಎಂದಷ್ಟೇ ತಿಳಿಯುತ್ತದೆ. ಬರವೋ, ಉಪ್ಪುನೀರೋ, ಗೋಡೆಯ ಕಾವೋ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಜೊತೆಗೆ ಎಲೆಯ ಸಾಪೇಕ್ಷ ನೀರಿನ ಅಂಶವನ್ನೂ (ಎಲೆ ಪೂರ್ತಿ ನೀರು ಕುಡಿದಾಗ ಇರುವುದಕ್ಕೆ ಹೋಲಿಸಿದರೆ ಈಗ ಇರುವ ನೀರು), ಜೀವಕೋಶದ ಪೊರೆ ಹಾಳಾದಾಗ ಹೆಚ್ಚುವ ಮ್ಯಾಲಾನ್‌ಡೈಆಲ್ಡಿಹೈಡನ್ನೂ ನೋಡುತ್ತೇನೆ. ಎರಡನೆಯದಕ್ಕೆ ಥಯೋಬಾರ್ಬಿಟ್ಯುರಿಕ್ ಆಮ್ಲ ಹಾಕಿ ಬರುವ ಬಣ್ಣವನ್ನು 532 ನ್ಯಾನೋಮೀಟರ್‌ನಲ್ಲಿ ಓದಿ 600ರ ಓದನ್ನು ಕಳೆಯುತ್ತೇವೆ. ಎಲೆಯಲ್ಲೇ ಇರುವ ಬಣ್ಣದ ದ್ರವ್ಯಗಳಿಂದಲೂ 532ರ ಓದು ಏರಬಹುದಾದ್ದರಿಂದ, ಆ ಆಮ್ಲ ಹಾಕದ ಪ್ರನಾಳವೊಂದನ್ನು ಪ್ರತಿ ಮಾದರಿಗೂ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಕಡ್ಡಾಯ.

ಮೊದಲ ವರ್ಷದ ನಂತರದ ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಹಾಸಿ, ಸಂಜೆ ನೀರು ಬಿಟ್ಟ ಮೇಲೆ ಹೆಚ್ಚಿನ ಗಿಡಗಳ ಪ್ರನಾಳದಲ್ಲಿ ಟಾಲುಯೀನ್ ಪದರ ತೆಳುಗುಲಾಬಿಗೆ ಇಳಿಯಿತು. ಕೊನೆಯ ಮೂಲೆಯ ಗಿಡದಲ್ಲಿ ಪ್ರೋಲಿನ್ ಇಳಿದರೂ ಮ್ಯಾಲಾನ್‌ಡೈಆಲ್ಡಿಹೈಡ್ ಇಳಿಯಲಿಲ್ಲ. ಆಗಿನ್ನೂ ಹಸಿರಾಗಿದ್ದ ಆ ಗಿಡ ಮಳೆ ಹಿಡಿಯುವ ಮುನ್ನವೇ ತುದಿಯಿಂದ ಒಣಗಿತು.