ಮಳೆ ಕದ್ದರೆ ಕಥೆ ಎಲ್ಲಿ?

ನನ್ನದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ. ಕಥೆ ಅಂದರೆ ಏನೇನಿರುತ್ತೆ ಅಂತ ಹೇಳಿಕೊಡಲು ಮೊದಲ ಸಲ ಹೋದಾಗ ಬೋರ್ಡಿನ ಮೇಲೆ ಪಾತ್ರ, ಸ್ಥಳ, ಸಮಸ್ಯೆ, ಪರಿಹಾರ ಅಂತ ಬರೆದೆ. ಎಲ್ಲರೂ ದುಂಡಗೆ ಬರೆದುಕೊಂಡರು. "ಪಾತ್ರ ಅಂದ್ರೇನು?" ಅಂತ ಕೇಳಿದರೆ ಒಬ್ಬಳು "ಬಿಸಿಯೂಟದ ಪಾತ್ರೆ ಮಿಸ್" ಅಂದಳು. ತಪ್ಪು ಅವಳದಲ್ಲ ಬಿಡಿ.

ಮರುದಿನ ಬೋರ್ಡ್ ಮುಟ್ಟಲಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ, ಜೋರು ಮಳೆ ಬಂದು ಸಗಣಿ ಮನೆ ಕೊಚ್ಚಿ ಹೋಗುತ್ತೆ, ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಎಲ್ಲರಿಗೂ ಗೊತ್ತಿರುವುದೇ, ನನಗೆ ಬೇಕಾದದ್ದೂ ಅದೇ. ಹೊಸ ಕಥೆಯಾದರೆ ಮುಂದೇನು ಅನ್ನುವುದರಲ್ಲೇ ಮಕ್ಕಳು ಮುಳುಗಿಬಿಡುತ್ತಾರೆ. ಆಮೇಲೆ ಅದನ್ನೇ ಇನ್ನೊಂದು ಸಲ ಹೇಳಿದೆ, ಮಳೆ ಬಿಟ್ಟು. "ಕಾಗಕ್ಕ ಸಗಣಿ ಮನೇಲಿದ್ಲು, ಗುಬ್ಬಕ್ಕ ಕಲ್ಲಿನ ಮನೇಲಿದ್ಲು, ಇಬ್ರೂ ಉಂಡು ಮಲಗಿದ್ರು. ಮುಗೀತು."

ಒಂದು ಗಳಿಗೆ ಎಲ್ಲ ಸುಮ್ನೆ. ಆಮೇಲೆ ಗಲಾಟೆಯೋ ಗಲಾಟೆ.

"ಮಿಸ್, ಮಳೆ ಎಲ್ಲಿ?"

"ಬರ್ಲಿಲ್ಲ. ಏನೀಗ?"

"ಮಳೆ ಬರ್ದಿದ್ರೆ ಬಾಗ್ಲು ಯಾಕೆ ಬಡೀತಾಳೆ?"

ಸಮಸ್ಯೆ ಅನ್ನುವ ಪದವನ್ನೇ ನಾನು ಎತ್ತಿರಲಿಲ್ಲ. ಅಲ್ಲಿಂದ ಅದು ಕದಿಯುವ ಆಟವಾಯಿತು, ದಿನಕ್ಕೊಂದು ಕಳ್ಳತನ. ಗುಬ್ಬಕ್ಕನನ್ನು ಕದ್ದರೆ ಕಾಗಕ್ಕ ನೆನೆಯುತ್ತಲೇ ನಿಲ್ಲಬೇಕು. ಇಬ್ಬರನ್ನೂ ಮಳೆಯೇ ಬೀಳದ ಊರಿಗೆ ಕಳಿಸಿದಾಗ ಸಗಣಿ ಮನೆಯೇ ತಂಪು, ಅದೇ ವಾಸಿ ಅಂತ ಮಕ್ಕಳೇ ತೀರ್ಪು ಕೊಟ್ಟರು. ಸ್ಥಳ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳಲು ಬರುತ್ತಿರಲಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಪೂರ್ತಿ ಬಿಟ್ಟೆ: "ಈ ಕಥೆಯ ನೀತಿ ಏನು?" ಅದು ಕಿವಿಗೆ ಬಿದ್ದರೆ ಸಾಕು, ಮಕ್ಕಳು ಕಥೆ ಮರೆತು ಕೈಕಟ್ಟಿ "ಒಳ್ಳೆಯವರಾಗಿರಬೇಕು" ಅಂದುಬಿಡುತ್ತಾರೆ.

ಸ್ವಂತ ಕಥೆ ಹೇಳಿಸುವುದೇ ಕಷ್ಟದ ಕೆಲಸ. ಎದ್ದೆ, ಆಮೇಲೆ ಹಲ್ಲುಜ್ಜಿದೆ, ಆಮೇಲೆ ಸ್ಕೂಲಿಗೆ ಬಂದೆ, ಹೀಗೆ ಬರೀ ಆಮೇಲೆಗಳ ಸಾಲು. ಒಂದು ಆಮೇಲೆ ತೆಗೆದು ಅಲ್ಲಿ "ಆದ್ರೆ" ಹಾಕಿ ನೋಡಿ ಅಂದೆ. ಎರಡನೇ ತರಗತಿಯ ಹುಡುಗನೊಬ್ಬ ಎದ್ದ. "ಕುರಿ ಮೇಯ್ಸಕ್ಕೆ ಹೋದ್ವಿ. ಆದ್ರೆ ಸಂಜೆ ಎಣಿಸಿದಾಗ ಒಂದು ಮರಿ ಇರ್ಲಿಲ್ಲ. ಅದಕ್ಕೇ ಅಪ್ಪ ಬ್ಯಾಟರಿ ತಗೊಂಡು ಹೋದ್ರು." ಅಷ್ಟು ಹೇಳಿ ಕೂತುಬಿಟ್ಟ.

"ಕೊನೆಗೆ ಏನಾಯ್ತೋ?"

"ಇನ್ನೂ ಹುಡುಕ್ತಾ ಇದೀವಿ ಮಿಸ್."