ಹಲಸಿನ ಹಲಗೆ ಹಿಡಿದು ಮಂಗಳೂರಿಗೆ

ಅಡಿಕೆ ಮರದಿಂದ ಬಿದ್ದು ವೀಲ್‌ಚೇರಿಗೆ ಬಂದು ಒಂಬತ್ತು ವರ್ಷ ಆಯಿತು. ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಬಸ್ಸಿನ ಮೆಟ್ಟಿಲಿನ ಕಥೆ ನಿಮಗೂ ಗೊತ್ತು, ಬಿಡಿ. ಮಂಗಳೂರಿನ ಡಾಕ್ಟರನ್ನು ಕಾಣಬೇಕಾದರೆ ಕಾರಿಗೆ 2,500, ನನ್ನನ್ನು ಎತ್ತಲು ಬಂದ ಇಬ್ಬರಿಗೆ ಸಂಬಳ, ಮತ್ತೆ ಊಟ. ನಾಲ್ಕೂವರೆ ಸಾವಿರ ಹೋಗುತ್ತಿತ್ತು. ಅಡಿಕೆ ಕೊಯ್ಲು ಶುರುವಾದರೆ ದುಡ್ಡು ಕೊಟ್ಟರೂ ಜನ ಇಲ್ಲ.

ಮೊದಲು ಗೂಡ್ಸ್ ರಿಕ್ಷಾಕ್ಕೆ ಕಬ್ಬಿಣದ ರ‍್ಯಾಂಪ್ ಮಾಡಿಸಿದೆ. ವೆಲ್ಡಿಂಗ್‌ಗೆ 6,000. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎನ್ನುವ 1:12 ಲೆಕ್ಕ ಹಿಡಿದರೆ ಎರಡಡಿ ಎತ್ತರಕ್ಕೆ 24 ಅಡಿ ಉದ್ದ ಬೇಕು. ನಾನು ಮಾಡಿಸಿದ್ದು ಏಳಡಿ. ಅರ್ಧ ಹತ್ತುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಬಂದು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮಧ್ಯೆ ನಿಂತಿತು. ಈಗ ಆ ರ‍್ಯಾಂಪ್ ನಮ್ಮ ತೋಡು ದಾಟುವ ಸಂಕ.

ಆಮೇಲೆ ಟ್ರಾನ್ಸ್‌ಫರ್ ಬೋರ್ಡ್, ಅಂದರೆ ಕುರ್ಚಿಯಿಂದ ಕಾರಿನ ಸೀಟಿಗೆ ಜಾರಿಕೊಂಡು ಹೋಗುವ ಹಲಗೆ. ಚಿಕ್ಕಪ್ಪನ ಮಗನ ವ್ಯಾಗನ್ಆರ್ ಸೀಟು ನನ್ನ ಕುರ್ಚಿಗೆ ಹೆಚ್ಚುಕಡಿಮೆ ಸಮ, ಎರಡು ಬೆರಳು ವ್ಯತ್ಯಾಸ ಅಷ್ಟೆ. ಆಚಾರಿಯ ಹತ್ತಿರ ಹಲಸಿನ ಮರದ್ದು ಮಾಡಿಸಿದೆ. ಎರಡೂಕಾಲು ಅಡಿ ಉದ್ದ, ಒಂಬತ್ತು ಇಂಚು ಅಗಲ, 600 ರೂಪಾಯಿ. ಕುರ್ಚಿಯ ಕೈ ಕೊಯ್ದು ತೆಗೆಯುವ ಹಾಗೆ ಮಾಡಿಸಲು ಇನ್ನೊಂದು 400. ಭಾವ ನೋಡಿ ನಕ್ಕರು. "ಇದರಲ್ಲಿ ಜಾರಿದರೆ ನೀನು ಕಾರಿಗಲ್ಲ ಮಾರಾಯ, ಸೀದಾ ಅಂಗಳಕ್ಕೆ."

ನಡುವೆ ಒಂದು ಹುಚ್ಚು. ಮಕ್ಕಳು ಅಡಿಕೆ ಹಾಳೆಯಲ್ಲಿ ಕೂತು ಜಾರುತ್ತಾರಲ್ವಾ, ಅದೇ ಹಾಳೆ ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಹಲಗೆಗೆ ಅಂಟಿಸಿದೆ. ಜಾರಿದ್ದು ಬೆಣ್ಣೆಯ ಹಾಗೆ! ಆದರೆ ಅಂಚು ತೊಡೆಗೆ ಗೀರಿದ್ದು ನನಗೆ ಗೊತ್ತೇ ಆಗಲಿಲ್ಲ. ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ. ಆ ಹುಣ್ಣು ಮಾಗಲು ಎರಡು ತಿಂಗಳು. ಹಾಳೆ ಒಲೆಗೆ ಹೋಯಿತು, ಬರೀ ಹಲಗೆ ಉಳಿಯಿತು. ಅದಕ್ಕೆ ಏನು ಹಚ್ಚುತ್ತೇನೆ ಎಂದು ಮಾತ್ರ ಹೇಳುವುದಿಲ್ಲ. ಎಣ್ಣೆ ಅಲ್ಲ, ಮೇಣವೂ ಅಲ್ಲ.

ಈಗ ಬಾಗಿಲು ತೆರೆದು ಸೀಟಲ್ಲಿ ಕೂರಲು ನಾಲ್ಕು ನಿಮಿಷ, ಯಾರೂ ಮುಟ್ಟುವುದು ಬೇಡ. ಕುರ್ಚಿ ಮಡಚಿ ಹಿಂದೆ ಇಡಲು ಡ್ರೈವರ್ ಸಾಕು. ಕುಂಬಳೆಗೆ ಇಳಿದು ಹೈವೇ ಹಿಡಿಯುತ್ತೇವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೂತಲ್ಲೇ ಹುಣ್ಣಾಗದ ಹಾಗೆ ಮೇಲಿನ ಹಿಡಿ ಹಿಡಿದು ಸೊಂಟ ಎತ್ತುತ್ತೇನೆ. ಮೂತ್ರದ ಚೀಲ ಉಪ್ಪಳದಲ್ಲೇ ಖಾಲಿ. ತಲಪಾಡಿ ದಾಟಿದ ಮೇಲೆ ನಿಲ್ಲಿಸಲು ಜಾಗ ಹುಡುಕುವುದು ಸುಮ್ನೆ ರಗಳೆ.

ಕ್ಯಾತಿಟರ್, ಅಂದರೆ ಮೂತ್ರದ ನಳಿಗೆ, ಬದಲಿಸಲು ಪಂಚಾಯತಿನ ಪಾಲಿಯೇಟಿವ್ (ಮನೆ ಆರೈಕೆಯ) ನರ್ಸ್ ಮನೆಗೇ ಬರುತ್ತಾರೆ. ಹಾಗಾಗಿ ಮಂಗಳೂರು ಎರಡು ತಿಂಗಳಿಗೊಮ್ಮೆ, ಅಲ್ಲಿ ಕಾಣಬೇಕಾದ ಇಬ್ಬರು ಡಾಕ್ಟರೂ ಒಂದೇ ದಿನ. ಪೆಟ್ರೋಲು, ಡ್ರೈವರ್ ಸೇರಿ ಸಾವಿರದ ಐನೂರರೊಳಗೆ.

ಸೋತದ್ದು ಡಾಕ್ಟರು ಮಲಗಿಸಿ ನೋಡುವ ಟೇಬಲಿಗೆ. ಕುರ್ಚಿಗಿಂತ ಒಂದಡಿ ಎತ್ತರ ಅದು. ಅಲ್ಲಿ ಈಗಲೂ ಇಬ್ಬರು ಬಂದು ಎತ್ತಬೇಕು.