ವಾಲ್ಯೂಮ್ ನಾಬ್ ನನ್ನ ಕಿವಿಗೆ ಮಾಡಿದ ಮೋಸ

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೊ. ಗೋಡೆಗೆಲ್ಲ ಹಳೆ ಕೌದಿ, ಮೂಲೆಗೆ ಸುತ್ತಿಟ್ಟ ಹತ್ತಿ ಗಾದಿ, ನಡುವೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 16 ಚಾನೆಲ್ ಅನಲಾಗ್ ಮಿಕ್ಸರ್, ಅಂದರೆ ಬೇರೆ ಬೇರೆ ಮೈಕ್‌ಗಳ ಸದ್ದನ್ನು ಬೆರೆಸುವ ಯಂತ್ರ. ಭಜನಾ ಮಂಡಳಿಯವರು, ಗೀಗೀ ಮೇಳದವರು, ಪಾರಿಜಾತ ಆಡುವವರು ಬಂದು ಹಾಡಿ ಹೋಗುತ್ತಾರೆ.

ಒಂದು ಸಲ ಗೀಗೀ ಮೇಳದ ರೆಕಾರ್ಡಿಂಗ್ ಮುಗಿಸಿ ರಾತ್ರಿ ಮಿಕ್ಸ್ ಮಾಡಲು ಕೂತೆ. ದಪ್ಪು ಹಿಡಿದು ಹಾಡುವ ಅಕ್ಕಾವರು ನಡುವೆ, ತುಂತುಣಿ ಎಡಕ್ಕೆ, ತಾಳ ಬಲಕ್ಕೆ. ಪಕ್ಕದ ಮನೆಯಲ್ಲಿ ಹಸುಗೂಸು ಇತ್ತು, ಅದಕ್ಕೆ ಮಿಕ್ಸರ್‌ನ ವಾಲ್ಯೂಮ್ ನಾಬ್ ಇಳಿಸಿ ಸ್ಪೀಕರ್ ಸಣ್ಣಗೆ ಇಟ್ಟಿದ್ದೆ. ಕೇಳುತ್ತಾ ಹೋದ ಹಾಗೆ ಅಕ್ಕಾವರ ದನಿ ಎಡಕ್ಕೆ ಸರಿದ ಹಾಗೆ ಅನಿಸಿತು. ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್ ನಾಬನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ. ಸಾಲದು ಅನಿಸಿ ಇನ್ನೂ ಸ್ವಲ್ಪ. ಆಹಾ, ಈಗ ನಡುಮಧ್ಯಕ್ಕೆ ಬಂತು ಅಂತ ಖುಷಿಯಿಂದ ಮಲಗಿದೆ.

ಮರುದಿನ ಮೇಳದವರು ಕಾರಿನಲ್ಲಿ ಹಾಕಿ ಕೇಳಿ ಫೋನ್ ಮಾಡಿದರು. "ಯಾಕ್ರೀ ಸರ, ನಮ್ಮ ಅಕ್ಕಾರು ಬಾಗಲಾ ಹೊರಗ ನಿಂತು ಹಾಡಿದಂಗ ಐತಲ್ರೀ?" ಹೆಡ್‌ಫೋನ್‌ನಲ್ಲಿ ಕೇಳಿದೆ. ಅವರು ಹೇಳಿದ್ದು ನಿಜ. ದನಿ ಪೂರಾ ಬಲಕ್ಕೆ ಹೋಗಿ ಕೂತಿತ್ತು.

ಮೊದಲು ಅನುಮಾನ ಬಂದದ್ದು ನನ್ನ ಕಿವಿಯ ಮೇಲೆ. ಆಮೇಲೆ ಸ್ಪೀಕರ್ ಮೇಲೆ. ಎಡ ಬಲ ಎರಡಕ್ಕೂ ಒಂದೇ ಸದ್ದು ಹೋಗುವ ಹಾಗೆ ಒಂದು ಟೋನ್ ಹಾಕಿ, ಸ್ಪೀಕರ್ ಹಿಂದಿನ ಕೇಬಲ್‌ಗಳನ್ನು ಅದಲು ಬದಲು ಮಾಡಿದೆ. ತಪ್ಪು ಸ್ಪೀಕರ್‌ದೋ ಕೋಣೆಯದೋ ಆಗಿದ್ದರೆ ಸದ್ದು ಎಡಕ್ಕೇ ವಾಲಬೇಕಿತ್ತು. ವಾಲಲಿಲ್ಲ, ಬಲಕ್ಕೆ ಹೋಯಿತು. ಅಂದರೆ ತಪ್ಪು ಮಿಕ್ಸರ್ ಕಡೆಯಿಂದಲೇ ಬರುತ್ತಿತ್ತು.

ಆಗ ಸ್ಪೀಕರ್ ತೆಗೆದು, ಮಿಕ್ಸರ್‌ನಿಂದ ಸ್ಪೀಕರ್‌ಗೆ ಸದ್ದು ಹೋಗುವ ಕಂಟ್ರೋಲ್ ರೂಮ್ ಔಟ್ ಅನ್ನು ಕಂಪ್ಯೂಟರ್‌ನ ಸೌಂಡ್ ಕಾರ್ಡ್‌ನ ಎರಡು ಲೈನ್ ಇನ್‌ಗೆ ಕೊಟ್ಟು, ಕಂಪ್ಯೂಟರ್ ಮೀಟರ್‌ನಲ್ಲಿ ಅಂಕಿ ನೋಡುತ್ತಾ ಆ ವಾಲ್ಯೂಮ್ ನಾಬನ್ನು ಮೆಲ್ಲಗೆ ತಿರುಗಿಸಿದೆ. ನಾಬಿನ ಗೀಟು ಗಡಿಯಾರದ 8ರ ಹತ್ತಿರ ಇದ್ದಾಗ ಎಡ -41 ಡಿಬಿ (ಡೆಸಿಬೆಲ್, ಸದ್ದಿನ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ಸದ್ದು ಸಣ್ಣ), ಬಲ -44. ಮೂರು ಡಿಬಿ ಫರಕು! 12ಕ್ಕೆ ತಂದರೆ ಎರಡೂ ಹೆಚ್ಚುಕಡಿಮೆ ಒಂದೇ. ನಾನು ದಿನಾ ರಾತ್ರಿ ಇಡುತ್ತಿದ್ದದ್ದು 8ಕ್ಕೇ.

ಕಾರಣ ಇಷ್ಟೇ. ಆ ಒಂದು ನಾಬಿನ ಕೆಳಗೆ ಒಂದೇ ಕಡ್ಡಿಗೆ ಸದ್ದನ್ನು ಏರಿಸಿ ಇಳಿಸುವ ಎರಡು ಕಾರ್ಬನ್ ಪಟ್ಟಿ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡೂ ಅಚ್ಚುಕಟ್ಟಾಗಿ ಒಂದೇ ಥರ ಇರುವುದಿಲ್ಲ, ಅದರಲ್ಲೂ ಶುರುವಿನ ಭಾಗದಲ್ಲಿ ಫರಕು ಜಾಸ್ತಿ. ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲಿ ಇದು ಮಾಮೂಲು. ಪರಿಹಾರಕ್ಕೆ ಒಂದು ರೂಪಾಯಿಯೂ ಬೀಳಲಿಲ್ಲ. ಸ್ಪೀಕರ್ ಹಿಂದಿರುವ ಲೆವೆಲ್ ನಾಬ್‌ಗಳನ್ನು ಇಳಿಸಿದೆ, ಎರಡನ್ನೂ ಸಮ ಮಾಡಿಕೊಂಡೆ. ಈಗ ಸಣ್ಣ ಸದ್ದಿಗೂ ಮಿಕ್ಸರ್ ನಾಬ್ 12 ದಾಟಿಯೇ ನಿಲ್ಲುತ್ತದೆ. 10ರ ಕೆಳಗೆ ಹೋಗಬಾರದು ಅಂತ ಕೆಂಪು ಟೇಪ್ ಅಂಟಿಸಿದ್ದೇನೆ.

ಇದಾದ ಮೇಲೆ ಫೇಡರ್‌ಗಳ ಮೇಲೂ, ಅಂದರೆ ಒಂದೊಂದು ಚಾನೆಲ್‌ನ ಸದ್ದು ಏರಿಸಿ ಇಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿಗಳ ಮೇಲೂ, ಅನುಮಾನ ಶುರುವಾಯಿತು. ಫೇಡರ್ ಪಕ್ಕದ ಅಂಕಿ ನೋಡಿ. ಮುಕ್ಕಾಲು ಎತ್ತರದಲ್ಲಿ 0, ತುದಿಯಲ್ಲಿ 10. 0ಯಿಂದ -10ಕ್ಕೆ ಇಳಿಯಲು ಬೆರಳಿಗೆ ಒಳ್ಳೆ ಜಾಗ ಇದೆ, ಆದರೆ -40ರಿಂದ ಕೆಳಗಿನದೆಲ್ಲ ಒಂದು ಸೆಂಟಿಮೀಟರ್ ಆಚೀಚೆಯಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ನಮ್ಮ ಕಡೆ ಹಾರ್ಮೋನಿಯಂ ಮೈಕಿಗೆ ತಾಗಿಸಿಯೇ ಇಡುತ್ತಾರೆ, ಎಷ್ಟು ಹೇಳಿದರೂ ಅಷ್ಟೇ. ನಾನು ಒಳಬರುವ ಸದ್ದನ್ನು ಹಿಗ್ಗಿಸುವ ಮೇಲಿನ ಗೇನ್ ನಾಬ್ ಮುಟ್ಟದೆ ಫೇಡರನ್ನೇ -30ಕ್ಕೆ ಎಳೆದು ಇಡುತ್ತಿದ್ದೆ. ಅಲ್ಲಿ ಉಗುರಿನಷ್ಟು ಸರಿಸಿದರೆ ಹಾರ್ಮೋನಿಯಂ ಒಂದೋ ಮಾಯ, ಇಲ್ಲವೋ ಎಲ್ಲರ ತಲೆ ಮೇಲೆ. ನನ್ನ ಮಿಕ್ಸರ್‌ನದು 60 ಮಿಲಿಮೀಟರ್ ಫೇಡರ್, ದೊಡ್ಡ ಕನ್ಸೋಲ್‌ನ 100 ಮಿಲಿಮೀಟರ್ ಅಲ್ಲ, ಹಾಗಾಗಿ ಕಷ್ಟ ಇನ್ನೂ ಜಾಸ್ತಿ. ಈಗ ಗೇನ್ ಇಳಿಸಿ ಫೇಡರ್ 0ಯ ಆಸುಪಾಸಿನಲ್ಲೇ ಆಡುವ ಹಾಗೆ ಮಾಡಿಕೊಳ್ಳುತ್ತೇನೆ. ಹಾಡಿನ ಕೊನೆಯಲ್ಲಿ ಸದ್ದು ಮೆಲ್ಲಗೆ ಕರಗಿಸುವ ಫೇಡ್ ಔಟ್ ಮಾತ್ರ ಕೈಯಲ್ಲಿ ಮಾಡುವುದೇ ಇಲ್ಲ, ಕೊನೆಯ ಸೆಂಟಿಮೀಟರ್‌ನಲ್ಲಿ ಸದ್ದು ಬಾವಿಗೆ ಬಿದ್ದ ಹಾಗೆ ಆಗುತ್ತದೆ. ಅದನ್ನು ಕಂಪ್ಯೂಟರ್‌ಗೆ ಬಿಟ್ಟಿದ್ದೇನೆ.

ಇನ್ನು ಫೇಡರ್ ಸರಿಸುವಾಗ ಬರುವ ಕರಕರ ಸದ್ದು. ಬೇಸಿಗೆಯಲ್ಲಿ ನಮ್ಮೂರ ಧೂಳು ಗೊತ್ತಲ್ವಾ, ಬಾಗಿಲು ಹಾಕಿದ್ದರೂ ಒಳಗೆ ಬರುತ್ತದೆ. ಮೊದಲು ನಾನು ಮಾಡಿದ ದಡ್ಡತನ ಅಂದರೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಮೇಲಿಂದಲೇ ಹೊಡೆದದ್ದು. ಎರಡು ದಿನ ಸುಮ್ಮನಾಯಿತು, ಆಮೇಲೆ ಆ ಎಣ್ಣೆಗೆ ಧೂಳು ಮೆತ್ತಿ ಮೊದಲಿಗಿಂತ ಕೆಟ್ಟಿತು. ಈಗ ಫೇಡರ್ ಬಿಚ್ಚಿ, ಬ್ರಷ್‌ನಲ್ಲಿ ಧೂಳು ತೆಗೆದು, ಫೇಡರ್‌ಗೆಂದೇ ಬರುವ ಸ್ಪ್ರೇ ಒಂದೆರಡು ಹನಿ ಬಿಡುತ್ತೇನೆ. ಮಾಮೂಲಿ ಕಾಂಟ್ಯಾಕ್ಟ್ ಕ್ಲೀನರ್ ಗ್ರೀಸನ್ನೂ ತೊಳೆದು ಹಾಕುತ್ತದೆ, ಆಮೇಲೆ ಬೆರಳಿಗೆ ಒಣಒಣ ಅನಿಸುತ್ತದೆ.

4ನೇ ಚಾನೆಲ್ ಮಾತ್ರ ಎಷ್ಟು ಒರೆಸಿದರೂ ಕರಕರ ಬಿಡಲಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿಗೆ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಇಟ್ಟು ಫೇಡರ್‌ನ ಎರಡು ತುದಿಗೆ ಹಿಡಿದೆ. ಅಲ್ಲಿ ಸೊನ್ನೆ ಇರಬೇಕು, ಅರ್ಧ ವೋಲ್ಟ್ ತೋರಿಸಿತು! ಡಿಸಿಯನ್ನು ತಡೆಯಬೇಕಾದ ಹಿಂದಿನ ಕೆಪಾಸಿಟರ್ ಸೋರುತ್ತಿತ್ತು. ಕೆಲವೇ ರೂಪಾಯಿಯ ಬಿಡಿಭಾಗ, ಬದಲಿಸಿದ್ದೇ ತಡ ಸದ್ದು ನಿಂತಿತು.

ರೇಡಿಯೊದಲ್ಲಿ ದುಡಿದ ಹಿರಿಯರೊಬ್ಬರಿಗೆ ಈ ಕಥೆಯೆಲ್ಲ ಹೇಳಿದರೆ ಅವರು ನಕ್ಕು, ಬಿಬಿಸಿಯ ಹಳೆ ಮಿಕ್ಸರ್‌ಗಳಲ್ಲಿ ಫೇಡರ್ ಉಲ್ಟಾ ಇರುತ್ತಿತ್ತು ಅಂದರು. ತನ್ನ ಕಡೆ ಎಳೆದರೆ ಸದ್ದು ಜಾಸ್ತಿ, ಆಚೆ ತಳ್ಳಿದರೆ ಬಂದ್. ಮೇಜಿನ ಮೇಲೆ ಜಾರಿದ ಕಾಗದವೋ ಮೊಣಕೈಯೋ ತಾಗಿದರೆ ಮೈಕ್ ಮುಚ್ಚಲಿ, ತೆರೆಯದಿರಲಿ ಅನ್ನುವ ಲೆಕ್ಕ. ನನ್ನ ಅಂಗಿ ತೋಳು ಎಷ್ಟು ಸಲ ಫೇಡರ್ ತಳ್ಳಿದೆ ಅಂತ ನೆನೆದರೆ ಅವರೇ ಜಾಣರು.

7ನೇ ಚಾನೆಲ್‌ದು ನನ್ನದೇ ತಪ್ಪು. ಫೇಡರ್ ಮುರಿದಿತ್ತು, 10ಕೆ (10 ಕಿಲೋ ಓಮ್ ರೋಧ) ಅಂತ ಬರೆದದ್ದು ನೋಡಿ ಅದೇ ಅಳತೆಯದು ತಂದು ಬೆಸುಗೆ ಹಾಕಿದೆ. ಹಳೆಯದರ ಮೇಲೆ ಎ10ಕೆ ಅಂತ ಇತ್ತು, ತಂದದ್ದು ಬಿ10ಕೆ. ಎ ಅಂದರೆ ಕಿವಿಗೆ ಒಪ್ಪುವ ಲಾಗ್ ಏರಿಕೆ, ಬಿ ಅಂದರೆ ನೇರ ಏರಿಕೆ. ಬಿಯನ್ನು ತುದಿಯಿಂದ ಅರ್ಧಕ್ಕೆ ಎಳೆದರೂ ಇಳಿಯುವುದು ಬರೀ 6 ಡಿಬಿ, ಎ ಆಗಿದ್ದರೆ ಸುಮಾರು 15ರಿಂದ 20 ಇಳಿಯುತ್ತಿತ್ತು. ಅರ್ಧ ದಾರಿ ಬಂದರೂ ಏನೂ ಆಗಲಿಲ್ಲ ಅನಿಸುತ್ತದೆ, ಆಮೇಲೆ ತಳದಲ್ಲಿ ಒಮ್ಮೆಲೇ ಎಲ್ಲ ಖಾಲಿ. ಬದಲಿಸಬೇಕು ಅಂತ ಅಂದುಕೊಳ್ಳುತ್ತಲೇ ಇದ್ದೇನೆ. ಅಲ್ಲಿಯವರೆಗೆ ಆ ಚಾನೆಲ್‌ಗೆ ಮೊಬೈಲ್‌ನ ತಂಬೂರಿ ಶ್ರುತಿ ಕೊಟ್ಟಿದ್ದೇನೆ, ಅದಕ್ಕೆ ಬೇಕಾದದ್ದು ಆನ್ ಮತ್ತು ಆಫ್ ಎರಡೇ.